ತಿರುಗುವ ಹಲಗೆಯ ಮೇಲೆ ಭೂಮದ ಊಟ

ಮಗಳ ಮದುವೆಯಲ್ಲಿ ಜಗಳ ಆಗಬಾರದು ಎಂಬ ಒಂದೇ ಒಂದು ಸದುದ್ದೇಶದಿಂದ ನಾನು ಆ ಹಲಗೆ ಮಾಡಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರು ಮಕ್ತಲ್‌ನಲ್ಲಿ ಈಗಲೂ ಆ ಮಾತು ಬಂದರೆ ನನ್ನ ಉದ್ದೇಶದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಬರೀ ತುಪ್ಪದ ಬಗ್ಗೆ ಮಾತಾಡುತ್ತಾರೆ! ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಕಡೆ ತಾಳಿ ಕಟ್ಟಿದ ಮೇಲೆ ಭೂಮದ ಊಟ. ಹೆಣ್ಣಿನವರು, ಗಂಡಿನವರು ಒಟ್ಟಿಗೆ ಸುತ್ತ ಕೂತು, ನಡುವೆ ಬಡಿಸಿದ್ದನ್ನು ಹಂಚಿಕೊಂಡು ಉಣ್ಣಬೇಕು. ಸಂಬಂಧ ಗಟ್ಟಿಯಾಗಲಿ ಎಂದು ಹಿರಿಯರು ಮಾಡಿದ ಪದ್ಧತಿ. ಆದರೆ ನಾನು ಕಂಡ ಪ್ರತಿ ಭೂಮದಲ್ಲೂ ಹೋಳಿಗೆ ಒಬ್ಬರ ಮುಂದೆ, ಉಪ್ಪಿನಕಾಯಿ ಇನ್ನೊಬ್ಬರ ಮುಂದೆ! ಅಲ್ಲಿ ಹುಟ್ಟಿದ ಮುನಿಸು ಮೊಮ್ಮಕ್ಕಳ ತನಕ ನಡೆಯುತ್ತದೆ.

ನಾನು ಕನ್ನಡ ಶಾಲೆಯ ವಿಜ್ಞಾನದ ಮಾಸ್ತರ. ತೆಲಂಗಾಣ ಬಂದ ಮರುವರ್ಷ ಅದು. ಊರ ತುಂಬ ಬೋರ್ಡು ಅಳಿಸಿ ಹೊಸದಾಗಿ ಬರೆಯುತ್ತಿದ್ದರು. ರಾಜ್ಯವೇ ಹೊಸದಾಗಿರುವಾಗ ಭೂಮ ಮಾತ್ರ ಹಳೆಯದೇ ಇರಬೇಕೇ? ಬಡಿಗನಿಂದ ದುಂಡನೆಯ ಹಲಗೆ ಮಾಡಿಸಿದೆ. ಅದರಡಿಗೆ ಲಾರಿ ಚಕ್ರದ ಬೇರಿಂಗು ಕೂಡಿಸಿದೆ. ಬೆರಳಿನಿಂದ ತಳ್ಳಿದರೆ ಸಾಕು, ಹೋಳಿಗೆ ತಾನಾಗಿಯೇ ಎಲ್ಲರ ಮುಂದೆ ಹಾದುಹೋಗುತ್ತದೆ. ಸೀಮೆಸುಣ್ಣದ ಡಬ್ಬಿ, ಡಸ್ಟರು, ನೀರಿನ ಲೋಟ ಇಟ್ಟು ಮೂರು ದಿನ ತಿರುಗಿಸಿ ನೋಡಿದೆ. ಒಂದೂ ಅಲುಗಲಿಲ್ಲ.

ಮದುವೆಯ ದಿನ ನನ್ನ ಹೆಂಡತಿ ಗಂಗಮ್ಮ ಹಲಗೆ ನೋಡಿ ಸಿಡಿಮಿಡಿಗೊಂಡಳು.

"ಬರೇ ಕಟ್ಟಿಗಿ ಮ್ಯಾಲ ಭೂಮ ಇಡತಾರೇನ್ರೀ? ಬೀಗರು ಏನಂತಾರ?"

ಬಾಳೆಎಲೆ ತಂದು ಹಲಗೆಯ ತುಂಬ ಹಾಸಿದಳು, ನೀರು ಚಿಮುಕಿಸಿದಳು, ಶಾಸ್ತ್ರಕ್ಕೆಂದು ಎಲೆಗೆ ತುಪ್ಪ ಸವರಿದಳು. ನಾನು ಪರೀಕ್ಷೆ ಮಾಡಿದ್ದು ಒಣ ಹಲಗೆಯ ಮೇಲೆ! ಘರ್ಷಣೆಯ ಪಾಠವನ್ನು ವರ್ಷ ವರ್ಷವೂ ಮಾಡುವ ಈ ಮಹಾಶಯನಿಗೆ ಅದು ಹೊಳೆಯಲೇ ಇಲ್ಲ.

"ತುಪ್ಪದ ತಂಬಗಿ ನಡುವ ಇಡ್ರಿ. ಅಂಚಿಗೆ ಇಟ್ರ ಬೀಳ್ತೈತಿ," ಎಂದಳು.

"ಬೀಗರ ಮುಂದ ತುಪ್ಪ ಇರಬೇಕು. ಭಾರ ಐತಿ, ಎಲ್ಲಿ ಹೋಗ್ತೈತಿ? ನನಗ ಕಲಿಸಾಕ ಬರಬ್ಯಾಡ!"

ಭಾರ ಇದ್ದದ್ದು ಜಾರುವುದಿಲ್ಲ ಎಂದು ಬರೆದ ಹುಡುಗರಿಗೆ ನಾನೇ ಸೊನ್ನೆ ಕೊಟ್ಟಿದ್ದೇನೆ. ಸಿಟ್ಟು ಬಂದಾಗ ವಿಜ್ಞಾನ ನೆನಪಿರುವುದಿಲ್ಲ ನೋಡಿ.

ಎಲ್ಲರೂ ಕೂತರು. ನಾನು ಹಲಗೆಯ ಪಕ್ಕ ನಿಂತು ಸಣ್ಣ ಭಾಷಣ ಮಾಡಿ, ಮೆಲ್ಲಗೆ ತಳ್ಳಿದೆ. ಹಲಗೆ ತಿರುಗಿತು. ಹೆಂಗಸರು ನಕ್ಕರು. ಅಷ್ಟರಲ್ಲಿ ವರನ ಸೋದರಮಾವ ವಿರೂಪಾಕ್ಷಪ್ಪನವರು ಹೋಳಿಗೆಗೆ ಕೈಚಾಚಿದರು. ಗದ್ವಾಲಿನ ಬಟ್ಟೆ ವ್ಯಾಪಾರಿ, ತಾಳ್ಮೆ ಕಡಿಮೆ. ಹೋಳಿಗೆ ಮುಂದೆ ಹೋಯಿತು. ಅವರು ಹಲಗೆಯ ಅಂಚು ಹಿಡಿದು ತಮ್ಮ ಬಲಕ್ಕೆ ಎಳೆದರು. ಎದುರಿಗೆ ಕೂತಿದ್ದ ನನ್ನ ಹೆಂಡತಿಯ ತಮ್ಮನೂ ಬಿಟ್ಟಾನೆಯೇ? ಅವನೂ ತನ್ನ ಬಲಕ್ಕೆ ಎಳೆದ. ಎದುರುಬದುರು ಕೂತವರು ತಮ್ಮ ತಮ್ಮ ಬಲಕ್ಕೆ ಎಳೆದರೆ ಏನಾಗುತ್ತದೆ? ಹಲಗೆ ಒಂದೇ ದಿಕ್ಕಿಗೆ ಎರಡರಷ್ಟು ಜೋರಾಗಿ ತಿರುಗುತ್ತದೆ!

ಮೊದಲು ಹಪ್ಪಳ ಹೋದವು. ಆಮೇಲೆ ಹೋಳಿಗೆ ಒಂದೊಂದಾಗಿ ಎದ್ದು ಬಂಧುಗಳ ಮಡಿಲು ಸೇರಿದವು. ಕಡೆಗೆ ತುಪ್ಪದ ತಂಬಿಗೆ ಎಲೆಯ ಮೇಲೆ ಜಾರಿ, ದುಂಡಗೆ ಸುತ್ತುವುದು ಬಿಟ್ಟು ನೆಟ್ಟಗೆ ಹೊರಟಿತು. ಪುಸ್ತಕದಲ್ಲಿ ಬರೆದ ಹಾಗೆಯೇ! ಒಂದು ಗಳಿಗೆ ನನಗೆ ಖುಷಿಯೂ ಆಯಿತು. ಮರುಗಳಿಗೆಗೆ ತಂಬಿಗೆ ವಿರೂಪಾಕ್ಷಪ್ಪನವರ ಎದೆಗೆ ಬಡಿದು, ತುಪ್ಪ ಪಕ್ಕದಲ್ಲಿದ್ದ ಅವರ ಹೆಂಡತಿಯ ಹೊಸ ಗದ್ವಾಲ್ ಸೀರೆಯ ಸೆರಗಿನ ತನಕ ಹರಿಯಿತು.

"ಏಮಯ್ಯಾ ಮಾಸ್ಟರೂ! ಇದಿ ಪೆಳ್ಳಾ, ಸರ್ಕಸ್ಸಾ?"

ಸಿಟ್ಟು ನೆತ್ತಿಗೇರಿದರೆ ಅವರು ತೆಲುಗಿಗೆ ಇಳಿಯುತ್ತಾರೆ. ಇದು ಮದುವೆಯೋ ಸರ್ಕಸ್ಸೋ ಎಂದು ಕೇಳಿದ್ದರು. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೂ ಕೂಗಿದರು. "ಏಳ್ರಿ ಎಲ್ಲಾರೂ! ಗಾಡಿ ತೆಗೀರಿ! ಹುಡುಗಿ ಇಲ್ಲೇ ಇರ್ಲಿ, ಕರಕೊಂಡು ಹೋಗೂದು ಆಮ್ಯಾಲ ನೋಡೂಣು!"

ಬೇರೆ ಯಾವ ತಂದೆಯಾಗಿದ್ದರೂ ಆಗ ಕಾಲಿಗೆ ಬೀಳುತ್ತಿದ್ದ. ನಾನು? "ಬೆರಳಿಲೆ ತಳ್ರಿ ಅಂದಿದ್ದೆ! ನೀವು ಹೊಲದಾಗ ರಂಟಿ ಎಳದಂಗ ಎಳದ್ರಿ! ವೇಗ ಎರಡು ಪಟ್ಟು ಆದ್ರ ಘರ್ಷಣೆ ನಾಕು ಪಟ್ಟು ಬೇಕಾಕ್ಕೈತ್ರೀ! ತಿಳೀತೇನು?"

ಮೈಯೆಲ್ಲ ತುಪ್ಪ ಸುರಿಸಿಕೊಂಡು ನಿಂತ ಬೀಗರಿಗೆ ನಾನು "ತಿಳೀತೇನು" ಎಂದು ಕೇಳಿದ್ದೆ! ಅವರು ಹೋಗಿ ಚಪ್ಪಲಿ ಮೆಟ್ಟಿದರು. ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

ಆಗ ಮಗಳು ಪಾರ್ವತಿ ಎದ್ದು ನಿಂತಳು. ಹಣೆಯ ಬಾಸಿಂಗ ಓರೆಯಾಗಿತ್ತು, ಕಣ್ಣು ಕೆಂಪಾಗಿತ್ತು.

"ಅಪ್ಪಾ, ಸಾಕು ಮಾಡು! ಇವತ್ತ ನಾ ಹೋಗಾಕಿ. ನಿನ್ನ ಜೋಡಿ ಕುಂತು ನಾಕು ತುತ್ತು ಉಣಬೇಕಂತ ಮುಂಜಾನಿಂದ ಹಸಕೊಂಡೀನಿ. ನೀ ಕುಂತೇನು? ಹಲಗಿ ಕಾಯ್ಕೋತ ನಿಂತಿ!" ಎಂದವಳು, ವಿರೂಪಾಕ್ಷಪ್ಪನವರ ಕಡೆ ತಿರುಗಿದಳು. "ಮಾವಾರ, ಹೋಗೂದಿದ್ರ ನೀವು ಹೋಗ್ರಿ. ನಾ ಉಂಡು ಬರ್ತೀನಿ."

ನಾನು ಹಲಗೆಯ ಸುತ್ತ ನೋಡಿದೆ. ಒಬ್ಬೊಬ್ಬರಿಗೆ ಎಷ್ಟು ಜಾಗ ಎಂದು ಗೇಣು ಹಾಕಿ ಅಳೆದಿದ್ದೆ. ವರನಿಗೆ, ಮಗಳ ಅತ್ತೆಗೆ, ಮಾವನಿಗೆ, ಹೆಂಡತಿಯ ತಮ್ಮನಿಗೆ ಕೂಡ. ನನಗೇ ಜಾಗ ಇಟ್ಟುಕೊಂಡಿರಲಿಲ್ಲ. ಮಗಳು ನನ್ನ ಮನೆಯಲ್ಲಿ ಉಣ್ಣುವ ಕಡೆಯ ಊಟಕ್ಕೆ ನಾನು ಕೂರುವ ಯೋಚನೆಯನ್ನೇ ಮಾಡಿರಲಿಲ್ಲ. ಅಷ್ಟು ಹೊತ್ತು ಬೀಗರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಗಂಗಮ್ಮ ಕಣ್ಣೊರೆಸಿಕೊಂಡು ಅಡುಗೆಮನೆಯಿಂದ ಒಂದು ಅಗಲವಾದ ಹಿತ್ತಾಳೆ ಪರಾತ ತಂದು, ನೆಲದ ಮೇಲೆ ದೊಪ್ಪನೆ ಇಟ್ಟು, ಅನ್ನ ಸುರಿದಳು. ಪಾರ್ವತಿ ನನ್ನ ಕೈ ಹಿಡಿದು ಕೂರಿಸಿದಳು. ವಿರೂಪಾಕ್ಷಪ್ಪನವರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಚಪ್ಪಲಿ ಬಿಟ್ಟು ಒಳಗೆ ಬಂದರು. ಪರಾತವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಮಾಸ್ತರ, ಇದು ತಿರುಗಂಗಿಲ್ಲ ಹೌದಿಲ್ಲೋ?"

"ಇಲ್ರೀ," ಎಂದೆ.

ಆ ಮದುವೆಯಲ್ಲಿ ನಾನಾಡಿದ ಮಾತುಗಳಲ್ಲಿ ಎರಡೂ ಕಡೆಯವರು ಒಪ್ಪಿಕೊಂಡದ್ದು ಅದೊಂದೇ.