ತಕರಾರಿಲ್ಲದ ಮನೆಯ ಸಾಸಿವೆ

ತಕರಾರು ಎಂದರೆ ನನಗೆ ಮೊದಲಿನಿಂದಲೂ ಭಯ. ಹಾಗೆಂದು ನಾನು ತಕರಾರು ಮಾಡುವವಳೇ ಅಲ್ಲವೆಂದು ತಿಳಿಯಬೇಡಿ. ಅದನ್ನು ಧಾರಾಳವಾಗಿ ಮಾಡುತ್ತೇನೆ, ಬೇಕಾದರೆ ನಮ್ಮ ಯಜಮಾನರನ್ನು ಕೇಳಿ. ಬೇರೆಯವರು ನನ್ನ ಮೇಲೆ ಎತ್ತುವ ತಕರಾರಿನ ವಿಷಯ ಹೇಳುತ್ತಿದ್ದೇನೆ. ಅದನ್ನು ತಪ್ಪಿಸಿಕೊಳ್ಳಲು ನಾನು ಎಷ್ಟು ಬೇಕಾದರೂ ಸುತ್ತು ಹಾಕಬಲ್ಲೆ. ನೆಂಟರು ಊಟಕ್ಕೆ ಬಂದರೆ, ತಿನ್ನದವರು ಇರಬಹುದೆಂದು ಹುಳಿಗೆ ಬೆಳ್ಳುಳ್ಳಿ ಹಾಕುವುದಿಲ್ಲ. ತಿನ್ನುವವರು ಬೇಸರಪಟ್ಟಾರೆಂದು ಪಕ್ಕದಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ ಇಡುತ್ತೇನೆ. ಊಟ ಮುಗಿದ ಮೇಲೆ ಇಬ್ಬರೂ ಒಂದೇ ದನಿಯಲ್ಲಿ ಉಪ್ಪು ಸ್ವಲ್ಪ ಕಡಿಮೆಯಾಯಿತು ಅನ್ನುತ್ತಾರೆ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ನಮ್ಮ ಸ್ಕೂಲಿನ ನಾಟಕವೇ ಸಾಕ್ಷಿ.

ಜೀವನ್ ಬಿಮಾ ನಗರದ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ನಾನು ಕನ್ನಡ ಮಿಸ್. ನನಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ಅದನ್ನು ಯಾರೂ ಬಳಸುವುದಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತಮಿಳು ಮಾತಾಡುತ್ತಾರೆ, ದಖನಿ ಮಾತಾಡುತ್ತಾರೆ, ತೆಲುಗು ಮಾತಾಡುತ್ತಾರೆ, ಕಾರಿಡಾರಿನಲ್ಲಿ ಇಂಗ್ಲಿಷ್ ಮಾತಾಡುತ್ತಾರೆ, ನನ್ನ ಪೀರಿಯಡ್ಡಿನಲ್ಲಿ ಮೌನವಾಗಿರುತ್ತಾರೆ. ಪ್ರತಿವರ್ಷ ಸ್ಕೂಲ್ ಡೇ ದಿನ ಸಿನಿಮಾ ಹಾಡಿಗೆ ಕುಣಿದು, ಒಂದು ದೇಶಭಕ್ತಿ ಗೀತೆ ಹಾಡಿ, ಪಫ್ಸ್ ತಿಂದು ಮನೆಗೆ ಹೋಗುವುದು ವಾಡಿಕೆ. ಈ ವರ್ಷ ನನಗೆ ಏನು ಹೊಕ್ಕಿತೋ, ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, ಕನ್ನಡದಲ್ಲಿ ಒಂದು ಸಂಗೀತ ನಾಟಕ ಮಾಡಿಸುತ್ತೇನೆ, ಹಾಡುಗಳನ್ನೂ ನಾನೇ ಬರೆಯುತ್ತೇನೆ ಎಂದುಬಿಟ್ಟೆ.

ಕಥೆ ಯಾವುದು? ಧರ್ಮದ ಕಥೆಯಾದರೆ ಹಾಡಿಗೆ ಚೆನ್ನ. ಆದರೆ ರಾಮ ಕೃಷ್ಣ ಎಂದರೆ ಒಂದು ಕಡೆ ಹುಬ್ಬೇರುತ್ತದೆ, ಏಸು ಎಂದರೆ ಇನ್ನೊಂದು ಕಡೆ. ನಾನು ಬಹಳ ಲೆಕ್ಕಾಚಾರ ಹಾಕಿ ಬುದ್ಧನನ್ನು ಹಿಡಿದೆ. ಬುದ್ಧ ಎಲ್ಲರವನೂ ಹೌದು, ಅಂದರೆ ಯಾರವನೂ ಅಲ್ಲ, ಆದ್ದರಿಂದ ಯಾರೂ ಕೇಳಲು ಬರುವುದಿಲ್ಲ ಎನ್ನುವುದು ನನ್ನ ಲೆಕ್ಕ. ಈಗ ಇಂದಿರಾನಗರದ ಬ್ಯೂಟಿ ಪಾರ್ಲರಿನಲ್ಲೂ ಬುದ್ಧ ಇದ್ದಾನೆ, ನಮ್ಮ ಮನೆಯ ಶೋಕೇಸಿನಲ್ಲೂ ಮನಿ ಪ್ಲಾಂಟಿನ ಪಕ್ಕ ಇದ್ದಾನೆ. ಅವನಿಂದ ಯಾರಿಗೂ ತೊಂದರೆಯಾದದ್ದು ನಾನು ಕಂಡಿಲ್ಲ.

ಗೌತಮಿಯ ಕಥೆ ನಿಮಗೆ ಗೊತ್ತೇ ಇದೆ. ಸತ್ತ ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ, ಸಾವಿಲ್ಲದ ಮನೆಯಿಂದ ಒಂದು ಹಿಡಿ ಸಾಸಿವೆ ತಾ, ಮಗುವನ್ನು ಬದುಕಿಸೋಣ ಅನ್ನುತ್ತಾನೆ. ಅವಳು ಮನೆಮನೆ ತಿರುಗುತ್ತಾಳೆ. ಸಾಸಿವೆ ಎಲ್ಲ ಮನೆಯಲ್ಲೂ ಇದೆ, ಸಾವಿಲ್ಲದ ಮನೆ ಮಾತ್ರ ಇಲ್ಲ. ಗೌತಮಿಯ ಪಾತ್ರಕ್ಕೆ ಬಿ ಸೆಕ್ಷನ್ನಿನ ಸಂಘಮಿತ್ರಾ ಸಿಕ್ಕಳು. ಹಿಂದಿನ ಬೆಂಚಿನ ಹುಡುಗಿ, ಹಾಜರಿ ಕೂಗಿದರೂ ಕೇಳಿಸದ ಹಾಗೆ ಉತ್ತರ ಕೊಡುವವಳು. ಹಾಡು ಎಂದಾಗ ಬಾಯಿ ತೆರೆದಳು ನೋಡಿ, ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಬುದ್ಧನಾಗಿ ಹಲಸೂರಿನ ಕಾರ್ತಿಕ್, ಕೀಬೋರ್ಡಿಗೆ ಶಿವಾಜಿನಗರದ ಇರ್ಫಾನ್. ಉಳಿದವರು ಮನೆಗಳು ಮತ್ತು ಮರಗಳು.

ಮೊದಲ ವಿಘ್ನ ಆಡಳಿತ ಮಂಡಳಿಯ ಕಾರ್ಯದರ್ಶಿ ಶ್ರೀನಿವಾಸಯ್ಯನವರ ರೂಪದಲ್ಲಿ ಬಂತು. ಅವರು ಕೆಟ್ಟವರಲ್ಲ, ಆದರೆ ಪ್ರತಿಯೊಂದು ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಎದುರಿನವರ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. "ಬುದ್ಧ ಅಂದ್ರೆ ಮೇಡಂ, ನಮ್ಮವನೇ ತಾನೇ?" ಎಂದರು. ನಾನು ಚಟ್ನಿಪುಡಿ ಇಡುವ ಜಾತಿಯವಳು. ನಿಂತ ನಿಲುವಿನಲ್ಲೇ ನಾಂದಿ ಪದ್ಯಕ್ಕೆ ಒಂದು ಸಾಲು ಸೇರಿಸಿ ಹಾಡಿ ತೋರಿಸಿದೆ: "ಹರಿಯ ಒಂಬತ್ತನೆಯ ಅವತಾರ, ಜಗಕೆ ಮಾಡಿದ ಉಪಕಾರ." ಅವರ ಮುಖ ಅರಳಿತು. "ಇದನ್ನ ಸ್ವಲ್ಪ ಜೋರಾಗೇ ಹಾಡಿಸಿ" ಎಂದರು. ಒಂದೇ ಏಟಿಗೆ ಕಾರ್ಯದರ್ಶಿಯೂ ಒಲಿದರು, ಅಂತ್ಯಪ್ರಾಸವೂ ಕೂಡಿತು. ಆ ದಿನವೆಲ್ಲ ನಾನು ಆ ಸಾಲನ್ನು ಗುನುಗುತ್ತಲೇ ಇದ್ದೆ.

ಆದರೆ ನಮ್ಮ ಹೆಡ್ ಮಿಸ್ ಸ್ಟೆಲ್ಲಾ ಮೇಡಂ ಅಷ್ಟು ಸುಲಭದಲ್ಲಿ ಬಿಡುವವರಲ್ಲ. "ಇಲ್ಲಿ ನೋಡಿ ಮಿಸ್, ದೇವರ ವಿಷ್ಯ. ಮೇನ್ ರೋಲ್ ಮಕ್ಕಳ ಮನೆಗೆ ಹೋಗಿ ನೀವೇ ಕೇಳ್ಕೊಂಡ್ ಬನ್ನಿ. ಒಂದೇ ಒಂದು ಮನೇಲಿ ಬೇಡ ಅಂದ್ರೂ ನಾಟಕ ಇಲ್ಲ, ಯಾವಾಗ್ಲೂ ಮಾಡೋ ಡ್ಯಾನ್ಸೇ ಮಾಡ್ಸೋಣ" ಎಂದರು. ಮನೆಗೆ ಬಂದು ಹೇಳಿಕೊಂಡೆ. ರಿಟೈರಾಗಿ ಕೂತಿರುವ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಅವಳು ಸಾವಿಲ್ಲದ ಮನೆ ಹುಡುಕಿದಳು, ನೀನು ತಕರಾರಿಲ್ಲದ ಮನೆ ಹುಡುಕು. ಅವಳದೇ ಸುಲಭ ಇತ್ತು" ಎಂದರು. ಇಂಥ ಮಾತುಗಳಿಗೆ ಅವರಿಗೆ ಎಲ್ಲಿಂದ ಪುರುಸೊತ್ತು ಸಿಗುತ್ತದೋ ಕಾಣೆ.

ಇರ್ಫಾನನ ತಂದೆಗೆ ಶಿವಾಜಿನಗರದಲ್ಲಿ ಪರದೆ ಬಟ್ಟೆಯ ಅಂಗಡಿ. ದಾರಿಯುದ್ದಕ್ಕೂ ನಾನು ಸರ್ವಧರ್ಮ ಸಮನ್ವಯದ ಬಗ್ಗೆ ಒಂದು ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ನನ್ನನ್ನು ಕೂರಿಸಿ, ಸುಲೈಮಾನಿ ಚಹಾ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಒಳ್ಳೇದೇ ಟೀಚರ್. ನಮ್ಮ ತಕರಾರು ಒಂದೇ. ಇವನು ಕೀಬೋರ್ಡ್ ಬಾರಿಸ್ಕೊಂಡು ಕೂತ್ರೆ ಮ್ಯಾಥ್ಸ್ ಯಾರು ಮಾಡ್ತಾರೆ?" ಎಂದರು. ಮ್ಯಾಥ್ಸ್ ಮಿಸ್ ಹತ್ತಿರ ನಾನೇ ಹೇಳಿ ಕ್ಲಾಸ್ ತೆಗೆಸುತ್ತೇನೆಂದು ಮಾತು ಕೊಟ್ಟೆ. ಅವರು ಕಾವಿ ಬಣ್ಣದ ಬಟ್ಟೆಯ ಒಂದು ದೊಡ್ಡ ತುಂಡನ್ನು ಬುದ್ಧನಿಗೆಂದು ಸುತ್ತಿಕೊಟ್ಟರು. ನನ್ನ ಭಾಷಣ ಬೇಕೇ ಇರಲಿಲ್ಲ.

ಹಲಸೂರಿನಲ್ಲಿ ಕಾರ್ತಿಕನ ತಾಯಿ ಬಾಗಿಲಲ್ಲೇ, "ತಲೆ ಬೋಳಿಸ್ತೀರಾ ಮಿಸ್?" ಎಂದು ಕೇಳಿದರು. ಬೆಟ್ಟದ ಮುರುಗನಿಗೆ ಹರಕೆಯಿತ್ತಂತೆ. "ಆ ಕೂದಲು ಈಗಾಗ್ಲೇ ಮುರುಗನ್ದು. ಅವನ್ದನ್ನ ನೀವು ತೆಗೆದ್ರೆ ನಾನ್ ಏನ್ ಮಾಡ್ಲಿ?" ಎಂದು ಅವರಿಗೆ ಅಳುವೇ ಬಂತು. ಬುದ್ಧನಿಗೆ ಗುಂಗುರು ಕೂದಲು ಉಂಟಮ್ಮ, ನಮ್ಮ ಶೋಕೇಸಿನಲ್ಲೇ ಇದ್ದಾನೆ, ಬೇಕಾದರೆ ಬಂದು ನೋಡಿ ಎಂದೆ. ಹುಡುಗನ ತಲೆಯ ಮೇಲೆ ಕೈಯಾಡಿಸಿ ಒಪ್ಪಿದರು.

ಎರಡು ಮನೆ ಗೆದ್ದ ಹುಮ್ಮಸ್ಸಿನಲ್ಲಿ ಕಗ್ಗದಾಸಪುರದ ಸಂಘಮಿತ್ರಾಳ ಮನೆಗೆ ಸುಮ್ಮನೆ ಒಂದು ಶಾಸ್ತ್ರಕ್ಕೆಂದು ಹೋದೆ. ಅವಳ ತಾಯಿ ಸರ್ಕಾರದ ಒಂದು ಲ್ಯಾಬಿನಲ್ಲಿ ವಿಜ್ಞಾನಿ, ಓದಿದವರು, ಇಲ್ಲೇನು ತೊಂದರೆ ಎಂದುಕೊಂಡಿದ್ದೆ. ಹಜಾರದಲ್ಲಿ ಬುದ್ಧನ ಪಟ ಇತ್ತು. ಇವರ ಮನೆಯಲ್ಲೂ ಇದ್ದಾನೆ ಅಂದುಕೊಂಡು ನೋಡಿದರೆ ಪಕ್ಕದಲ್ಲಿ ಮನಿ ಪ್ಲಾಂಟ್ ಇರಲಿಲ್ಲ. ದೀಪ ಉರಿಯುತ್ತಿತ್ತು, ಮುಂದೆ ಬಿಳಿ ಹೂವು ಇಟ್ಟಿದ್ದರು. ಆಗ ನನ್ನ ತಲೆಗೆ ಹೊಳೆಯಿತು, ಇವರು ಬೌದ್ಧರು. ಸಂಘಮಿತ್ರಾ ಎಂಬ ಹೆಸರನ್ನು ದಿನವೂ ಕೂಗುತ್ತ, ಅದರ ಸಮಾಸ ಬಿಡಿಸುವುದನ್ನು ಅದೇ ಕ್ಲಾಸಿಗೆ ಕಲಿಸಿದ ಕನ್ನಡ ಮಿಸ್ ನಾನು, ಏನೋ ಹೊಸ ಫ್ಯಾಷನ್ನಿನ ಹೆಸರು ಎಂದುಕೊಂಡಿದ್ದೆ.

ಅವರು ಬಹಳ ಮೆತ್ತಗೆ ಮಾತಾಡಿದರು. "ನಾಟಕ ಮಾಡಿ ಮಿಸ್, ನಮಗೆ ಸಂತೋಷ. ಆದ್ರೆ ಆ ಅವತಾರದ ಸಾಲು ಹಾಡ್ಸೋ ಹಾಗಿದ್ರೆ ಮಿತ್ರಾ ಬರಲ್ಲ."

"ಅದು ಸುಮ್ನೆ ಒಂದು ಪ್ರಾಸಕ್ಕೆ..." ಎಂದೆ.

"ನಮ್ಮಪ್ಪ ಬೌದ್ಧ ದೀಕ್ಷೆ ತಗೊಂಡಾಗ ಇದನ್ನ ಒಪ್ಪಲ್ಲ ಅಂತ ಬಾಯ್ಬಿಟ್ಟು ಹೇಳಿದಾರೆ. ನಾನೂ ಹೇಳಿದೀನಿ. ಅವರು ಯಾರ ಅವತಾರನೂ ಅಲ್ಲ ಮಿಸ್, ಮನುಷ್ಯರು. ಮನುಷ್ಯರಾಗಿದ್ದುಕೊಂಡು ಅಷ್ಟು ಮಾಡಿದ್ರಲ್ಲ, ಅದೇ ನಮಗೆ ದೊಡ್ಡದು."

ಬುದ್ಧ ಎಲ್ಲರವನು, ಅದಕ್ಕೇ ಯಾರಿಗೂ ಬೇಸರ ಆಗಲ್ಲ ಅಂದುಕೊಂಡೆ ಎಂದು ತೊದಲಿದೆ. ಅವರು ನಕ್ಕರು. "ಎಲ್ಲರೂ ಹಾಗೇ ಅಂದ್ಕೋತಾರೆ. ಮನೆಗೆ ಬಂದು ಕೇಳಿದವರು ನೀವೇ ಮೊದಲು. ಅದೂ ಕೊನೇಲಿ ಬಂದ್ರಿ" ಎಂದರು. ಅಡುಗೆಮನೆಯ ಬಾಗಿಲಲ್ಲಿ ಮಿತ್ರಾ ನಿಂತಿದ್ದಳು, ಕೈಯಲ್ಲಿ ಸಾಸಿವೆ ಬೇಡುವ ದೃಶ್ಯಕ್ಕೆ ಅಭ್ಯಾಸ ಮಾಡುತ್ತಿದ್ದ ಸ್ಟೀಲ್ ಬಟ್ಟಲು. ಅವಳು ಬಟ್ಟಲನ್ನು ಮೆಲ್ಲಗೆ ಒಳಗೆ ಇಟ್ಟು ಬಂದಳು.

ಮನೆಗೆ ಬಂದು ಸಾಲು ಬದಲಿಸಲು ಕೂತೆ. ನಿಜ ಹೇಳುತ್ತೇನೆ, ನನಗೆ ಹರಿಯನ್ನು ಬಿಡುವುದು ಕಷ್ಟವಾಗಲಿಲ್ಲ, ಪ್ರಾಸ ಬಿಡುವುದು ಕಷ್ಟವಾಯಿತು. ಉಪಕಾರಕ್ಕೆ ಇನ್ನೇನು ಕೂಡುತ್ತದೆ? ಅಧಿಕಾರ, ಸಹಕಾರ, ಗುತ್ತಿಗೆದಾರ. ಯಜಮಾನರು ತಮ್ಮ ಪಾಲಿಗೆ ಹವಾಲ್ದಾರ, ಬಾಡಿಗೆದಾರ ಎಂದು ಸಹಾಯ ಮಾಡಿದರು. ನಮ್ಮ ಕವಿಗಳೆಲ್ಲ ಯಾವ ಕಾಲದಲ್ಲೋ ಪ್ರಾಸ ಬಿಟ್ಟು ನಿಶ್ಚಿಂತೆಯಾಗಿದ್ದಾರೆ, ಜೀವನ್ ಬಿಮಾ ನಗರದಲ್ಲಿ ಮಾತ್ರ ನಾನು ಹಿಡಿದುಕೊಂಡು ಕೂತಿದ್ದೇನೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಊಟದ ಬಿಡುವಿನಲ್ಲಿ ಮಿತ್ರಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಮಿಸ್, ನಾನೊಂದು ಹೇಳ್ಲಾ?" ಎಂದು ಕೇಳಿ, ಸಣ್ಣ ದನಿಯಲ್ಲಿ ಹಾಡಿದಳು. "ನಮ್ಮ ಹಾಗೇ ಹುಟ್ಟಿದ, ನಮ್ಮ ಹಾಗೇ ನೊಂದ, ಎದ್ದು ನಿಂತು ನಮಗೂ ದಾರಿ ಇದೆ ಎಂದ."

ಇದರಲ್ಲಿ ಅವತಾರ, ಉಪಕಾರದ ಹಾಗೆ ಪ್ರಾಸ ಗಟ್ಟಿಯಾಗಿ ಕೂಡಲಿಲ್ಲವಲ್ಲ ಎಂದು ಟೀಚರ್ ಬುದ್ಧಿ ತೋರಿಸಿದೆ.

"ಸುಳ್ಳೂ ಇಲ್ಲ ಮಿಸ್" ಎಂದಳು. ಹಾಜರಿಗೂ ದನಿ ಎತ್ತದ ಹುಡುಗಿ. ನಾನು ಬಾಯಿ ಮುಚ್ಚಿಕೊಂಡು ಆ ಸಾಲನ್ನೇ ಇಟ್ಟುಕೊಂಡೆ.

ಇನ್ನು ಶ್ರೀನಿವಾಸಯ್ಯನವರು. ಹೇಳದೆ ಜಾರಿಕೊಳ್ಳೋಣ ಎಂದು ಮನಸ್ಸಾಗಿತ್ತು. ಸ್ಟೆಲ್ಲಾ ಮೇಡಂ, "ಸಾಲು ಹಾಕಿದ್ದು ನೀವು, ತೆಗೆದಿದ್ದು ನೀವೇ ಹೇಳಿ" ಎಂದು ನನ್ನನ್ನು ಅವರ ಕೋಣೆಗೆ ತಳ್ಳಿದರು. ವಿಷಯ ಕೇಳಿ ಅವರು ಗಂಟಲು ಸರಿಮಾಡಿಕೊಂಡರು. "ಅವತಾರ ಅನ್ನೋದನ್ನ ತೆಗೆದ್ರೆ ಬುದ್ಧ ಯಾರು ಅಂತ ಜನಕ್ಕೆ ಹೆಂಗ್ರೀ ಗೊತ್ತಾಗತ್ತೆ?" ನನಗೆ ಎಲ್ಲಿತ್ತೋ ಧೈರ್ಯ. "ಸಾರ್, ಅವರ ಮನೆಯವರನ್ನ ಅವರ ಮನೆಯವರೇ ಪರಿಚಯ ಮಾಡ್ಕೊಡ್ಲಿ. ನಾವು ಕೇಳಿಸ್ಕೊಳ್ಳೋಣ" ಎಂದೆ. ಅವರು ಕೊನೆಗೆ ಒಪ್ಪಿದರು. "ಆಗ್ಲಿ. ಅವತ್ತು ಯಾರಾದ್ರೂ ಎದ್ದು ನಿಂತು ಗಲಾಟೆ ಮಾಡಿದ್ರೆ ಉತ್ತರ ನೀವೇ ಹೇಳ್ಬೇಕು. ಅಲ್ಲೇ ಪರದೆ ಹಾಕ್ಸಿಬಿಡ್ತೀನಿ." ಅಲ್ಲಿಂದ ಸ್ಕೂಲ್ ಡೇ ತನಕ ನನಗೆ ತಿಂದದ್ದು ಅರಗಲಿಲ್ಲ.

ಆ ಸಂಜೆ ಅಂಗಳ ತುಂಬಿತ್ತು. ನಾಂದಿಯ ಹೊಸ ಸಾಲು ಬಂದಾಗ ನಾನು ಪರದೆಯ ಸಂದಿಯಿಂದ ಮುಂದಿನ ಸಾಲಿನ ಶ್ರೀನಿವಾಸಯ್ಯನವರನ್ನೇ ನೋಡುತ್ತಿದ್ದೆ. ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. ಕಾರ್ತಿಕ್ ಗುಂಗುರು ಕೂದಲಿನಲ್ಲಿ ಗಂಭೀರವಾಗಿ ಕೂತಿದ್ದ. ಸಾಸಿವೆಯ ದೃಶ್ಯಕ್ಕೆ ನಾನೊಂದು ಉಪಾಯ ಮಾಡಿದ್ದೆ. ಮಿತ್ರಾ ವೇದಿಕೆ ಇಳಿದು ಪ್ರೇಕ್ಷಕರ ನಡುವೆ ಹೋಗಬೇಕು, ಅಲ್ಲಲ್ಲಿ ಕೂರಿಸಿದ್ದ ನಮ್ಮ ಮಕ್ಕಳೇ ಎದ್ದು ಉತ್ತರ ಹೇಳಬೇಕು.

ಮಿತ್ರಾ ಬಟ್ಟಲು ಹಿಡಿದು ಇಳಿದಳು. "ಒಂದು ಹಿಡಿ ಸಾಸಿವೆ ಕೊಡಿ, ನಿಮ್ಮ ಮನೆಯಲ್ಲಿ ಯಾರೂ ಹೋಗಿಲ್ಲ ತಾನೇ?" ಎಂದು ಹಾಡಿದಳು. ನಮ್ಮ ಹುಡುಗ ಏಳುವ ಮೊದಲೇ ಕಾರ್ತಿಕನ ಅಜ್ಜಿ ಅವಳ ಕೈ ಹಿಡಿದುಕೊಂಡರು. "ನಮ್ಮನೇದು ಆಗಲ್ಲ ಕಣ್ಣು, ಅವರು ಹೋದ ವರ್ಷ ಹೋಗ್ಬಿಟ್ರು" ಎಂದರು. ನಾಟಕದಲ್ಲಿ ಇಲ್ಲದ ಮಾತು. ಮಿತ್ರಾ ಒಂದು ಕ್ಷಣ ನನ್ನ ಕಡೆ ನೋಡಿದಳು. ಮುಂದಕ್ಕೆ ಹೋದಳು. "ನಮ್ಮ ಅಮ್ಮಿ, ಬೇಟಿ" ಎಂದರು ಇರ್ಫಾನನ ತಂದೆ. ಇರ್ಫಾನ್ ಕೀಬೋರ್ಡಿನಿಂದ ಕೈ ತೆಗೆದ. ಒಬ್ಬರು ಅಣ್ಣ ಎಂದರು, ಒಬ್ಬರು ತಲೆ ಅಲ್ಲಾಡಿಸಿದರು. ಸಾಸಿವೆ ಬೇಡುತ್ತ ಅವಳು ಮುಂದಿನ ಸಾಲಿಗೆ ಬಂದಾಗ ಶ್ರೀನಿವಾಸಯ್ಯನವರು ಗಂಟಲು ಸರಿಮಾಡಿಕೊಂಡರು. ಪರದೆ ಬಿತ್ತು ಎಂದೇ ನಾನು ಹಗ್ಗ ಹಿಡಿದುಕೊಂಡೆ. "ನಮ್ಮ ಮನೆಯವಳು, ಮಗು" ಎಂದರು ಅವರು. ನಮ್ಮ ಮಕ್ಕಳು ಒಬ್ಬರೂ ಏಳಲಿಲ್ಲ, ಏಳಬೇಕಾಗಿಯೂ ಬರಲಿಲ್ಲ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಬೇಕಾದಷ್ಟು ಅತ್ತೆ.

ನಾಟಕ ಮುಗಿದು ಪಫ್ಸ್ ಹಂಚುವಾಗ ಶ್ರೀನಿವಾಸಯ್ಯನವರು ನನ್ನ ಕಡೆಗೇ ಬಂದರು. ಪಕ್ಕದಲ್ಲಿ ಮಿತ್ರಾಳೂ ಅವಳ ತಾಯಿಯೂ ಇದ್ದರು. ನಾನು ಉತ್ತರ ಹುಡುಕುತ್ತ ನಿಂತೆ. "ಮೇಡಂ, ನೀವು ತೆಗೆದು ಹಾಕಿದ ಸಾಲಿಗಿಂತ ಈ ಹೊಸ ಸಾಲೇ ಮೇಲು. 'ನಮ್ಮ ಹಾಗೇ ನೊಂದ.' ಹೆಂಗೆ ಹೊಳೀತು ನಿಮಗೆ?" ಎಂದರು.

ಇಡೀ ನಾಟಕದಲ್ಲಿ ಹೊಗಳಿಸಿಕೊಂಡದ್ದು ನನ್ನದಲ್ಲದ ಒಂದೇ ಸಾಲು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಹೊಗಳಿಕೆ ಕೇಳಿದರೆ ನನ್ನ ನಾಲಿಗೆಗೆ ಅಭ್ಯಾಸವಾದ ಮಾತೊಂದಿದೆ, ಅದೇ ಬಂತು. "ನಂದೇನಿದೆ ಸಾರ್, ಎಲ್ಲಾ ಆ ದೇವರು ಬರೆಸಿದ್ದು" ಎಂದು ಕೈ ಮುಗಿದೆ.

ಮಿತ್ರಾ ಪಫ್ಸ್ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾವ ದೇವರು ಮಿಸ್?" ಎಂದು ಕೇಳಿದಳು.

ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದುಕೊಂಡರು. ಶ್ರೀನಿವಾಸಯ್ಯನವರು ಉತ್ತರಕ್ಕೆ ಕಾಯುತ್ತಿದ್ದರು. ನಾನು ಮುಗಿದ ಕೈಯನ್ನು ಬಿಡಿಸದೆ, ಹಾಗೇ ಅವಳ ಕಡೆಗೆ ತಿರುಗಿಸಿದೆ.

"ಇವರೇ ಸಾರ್. ಬಿ ಸೆಕ್ಷನ್."