ಮುಯ್ಯಿಗೆ ಸೊನ್ನೆ

ತೊಂಬತ್ತೈದನೇ ಇಸವಿಯ ಮೇ ತಿಂಗಳ ಒಂದು ಭಾನುವಾರ ಪಾಂಡವಪುರದ ಗುಮಾಸ್ತ ತಿಮ್ಮರಾಜು ಮಗಳು ಅರ್ಪಿತಳ ಹಳೇ ನೋಟುಬುಕ್ಕಿನಲ್ಲಿ ಗೆರೆ ಎಳೆದುಕೊಂಡು, ಜನ್ಮದಲ್ಲೇ ಮೊದಲ ಸಲ ಮನೆಯ ಬಜೆಟ್ಟು ಬರೆಯಲು ಕೂತ. ಎಡವಟ್ಟು ಶುರುವಾದದ್ದೇ ಅಲ್ಲಿ. ಬಾಡಿಗೆ, ರಾಗಿ, ಅಕ್ಕಿ, ಸೀಮೆಎಣ್ಣೆ ಎಲ್ಲ ಕಳೆದು ಸಂಬಳದಲ್ಲಿ ಇನ್ನೂರು ರೂಪಾಯಿ ಉಳಿಯಿತೆಂದು ಅವನು ಮೀಸೆ ತಿರುವುವಷ್ಟರಲ್ಲಿ ಹೆಂಡತಿ ಜಯಲಕ್ಷ್ಮಮ್ಮ ಐದು ಲಗ್ನಪತ್ರಿಕೆ ತಂದು ಮುಂದಿಟ್ಟಳು. ಒಂದೊಂದು ಮದುವೆಗೆ ಉಡುಗೊರೆಯೆಂದು ನೂರೊಂದು ರೂಪಾಯಿ ಮುಯ್ಯಿ ಬರೆಸಿದರೂ ಐನೂರೈದು. ತಿಮ್ಮರಾಜುವಿಗೆ ರೇಗಿತು. ಮುಯ್ಯಿ ಎಂದು ಬರೆದು ಎದುರಿಗೆ ಕುಂಬಳಕಾಯಿಯಷ್ಟು ದೊಡ್ಡ ಸೊನ್ನೆ ಸುತ್ತಿದ.

ಮಾನ ಹೋಗುತ್ತದೆ ಎಂದು ಹೆಂಡತಿ ಗೋಗರೆದಳು.

"ಮಾನಕ್ಕೆ ಈ ಪುಸ್ತಕ್ದಲ್ಲಿ ಜಾಗ ಇಲ್ಲ ಕಣೆ," ಎಂದು ಅವನು ಅಂಗಿ ತೊಟ್ಟ.

ಅಂದೇ ಬಾಬುರಾಯನಕೊಪ್ಪಲಿನಲ್ಲಿ ನೆಂಟ ಹೊನ್ನಪ್ಪನ ಮಗಳ ಮದುವೆ. ಗಂಡ ಹೆಂಡತಿ ಬಸ್ಸು ಹತ್ತಿದರು. ಗೋಡೆಯಾಚೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಸಿದ್ದಲಿಂಗಮ್ಮ ಅದೇ ಬಸ್ಸು ಹತ್ತಿದಳು. ಮುಂದಿನ ಸೀಟಿಗೆ ಬಜೆಟ್ಟೆಂದು ಹೇಳಿದ ಸುದ್ದಿ ಹಿಂದಿನ ಸೀಟಿಗೆ ಹೋಗುವಷ್ಟರಲ್ಲಿ ತಿಮ್ಮರಾಜುವಿನ ಕೆಲಸ ಹೋಗಿತ್ತು. ಛತ್ರದ ಬಾಗಿಲಿಗೆ ಬರುವಷ್ಟರಲ್ಲಿ ಅವನು ಇಸ್ಪೀಟಿನಲ್ಲಿ ಹೆಂಡತಿಯ ಸರವನ್ನೂ ಕಳೆದಿದ್ದ. ಸೋದರತ್ತೆ ದೊಡ್ಡತಾಯಮ್ಮ ಅವನನ್ನು ಕಂಬದ ಮರೆಗೆ ಕರೆದು, ಎಲೆಯಡಿಕೆ ಚೀಲದಿಂದ ಹತ್ತು ರೂಪಾಯಿ ತೆಗೆದು ಅಂಗೈಗೆ ತುರುಕಿದಳು.

"ಬರೆಸ್ಬುಡು ಮಗ. ನಾನ್ ಯಾರ್ಗೂ ಯೋಳಾಕಿಲ್ಲ."

ಕನಿಕರ ಬೈಗುಳಕ್ಕಿಂತ ಕೆಟ್ಟದ್ದು. ತಿಮ್ಮರಾಜು ನೋಟನ್ನು ವಾಪಸು ಕೊಟ್ಟು, ಊಟದ ಹಜಾರದ ಬಾಗಿಲಲ್ಲಿ ಮುಯ್ಯಿ ಬರೆಯುತ್ತಿದ್ದ ಮಂಚಯ್ಯನ ಮೇಜಿನ ಮುಂದೆ ಎದೆ ಸೆಟೆಸಿ ನಿಂತ.

"ಮಂಚಯ್ಯಣ್ಣ, ನಾನ್ ಮುಯ್ಯಿ ಆಕಾಕಿಲ್ಲ. ಬರೋ ಸಂಬಳದಲ್ಲಿ ಮನೆಗೆ ಅಕ್ಕಿ ತರನಾ, ನಿಮ್ ಪುಸ್ತಕ ತುಂಬುಸ್ನಾ? ಊಟ ಮಾತ್ರ ಮಾಡ್ಕಂಡೇ ಹೋಗದು."

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನೆಗಳಲ್ಲೂ ಐದೈದು ಪತ್ರಿಕೆಗಳಿದ್ದವು. ಒಬ್ಬ ಮೆಲ್ಲಗೆ ನೋಟನ್ನು ಜೇಬಿಗೆ ಇಳಿಸಿದ. ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಹತ್ತು ಜನ. ಮದುವೆ ಮಾಡುತ್ತಿದ್ದ ಹೊನ್ನಪ್ಪ ಓಡಿ ಬಂದ. ಅವನೂ ಹಟಮಾರಿಯೇ.

"ನನ್ ಮಗಳ ಮದ್ವೆ ಮುಯ್ಯಿ ನಂಬ್ಕಂಡ್ ನಡೀತಿಲ್ಲ ಕಣ್ಲಾ. ಬರೆಸಿರೋರ್ಗೆಲ್ಲ ವಾಪಸ್ ಕೊಟ್ಬುಡು ಮಂಚಯ್ಯ. ಇವತ್ತಿಂದ ನಮ್ ಜನ ಯಾರೂ ಆಕದೂ ಬ್ಯಾಡ, ಇಸ್ಕಳದೂ ಬ್ಯಾಡ."

ಹಿರಿಯರು ಹೂಂ ಎಂದರು. ಮಾತು ಗಟ್ಟಿಯಾಗಲೆಂದು ಅಲ್ಲೇ ವೀಳ್ಯ ಹಂಚಿ ಎಲ್ಲರ ಕೈಗೂ ಹಿಡಿಸಿದರು. ಮೊದಲ ವೀಳ್ಯ ತಿಮ್ಮರಾಜುವಿಗೇ. ಅವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಎಲೆಗೆ ಎರಡು ಲಾಡು ಹಾಕಿಸಿದರು. ಅಷ್ಟು ಮರ್ಯಾದೆ ಅವನಿಗೆ ಅವನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಆಗ ಹೆಂಗಸರ ಕೋಣೆಯಿಂದ ಜಯಲಕ್ಷ್ಮಮ್ಮ ಮುಖವರಳಿಸಿಕೊಂಡು ಬಂದಳು. ಹೊರಗಿನ ರಾದ್ಧಾಂತ ಅವಳಿಗೆ ತಿಳಿದಿರಲಿಲ್ಲ. ಹೆಣ್ಣು ನೋಡಿ ಹೋಗಿದ್ದ ದೇವಲಾಪುರದ ಮೇಷ್ಟ್ರ ಜೊತೆ ಅರ್ಪಿತಳ ಮದುವೆ ಗೊತ್ತಾಯಿತು, ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದಾರೆ, ಆಷಾಢ ಹುಟ್ಟುವ ಮೊದಲೇ ಧಾರೆಯಾಗಬೇಕಂತೆ ಎಂದಳು. ಗಂಡನ ಕೈಯ ತುತ್ತು ಅಲ್ಲೇ ನಿಂತದ್ದು ಕಂಡು ಸಮಾಧಾನ ಹೇಳಿದಳು.

"ಯಾಕ್ರೀ ಎದ್ರುಕೊಂಡ್ರಿ? ಇಪ್ಪತ್ತೊರ್ಸದಿಂದ ಊರೂರ್ಗೂ ಮುಯ್ಯಿ ಆಕಿವ್ನಿ, ಒಂದೂ ಬುಡ್ದೆ ಬರ್ದಿಟ್ಟಿವ್ನಿ. ನಮ್ಮನೇಲಿ ಇದೇ ಮೊದಲ್ನೇ ಕಾರ್ಯ. ಏನಿಲ್ಲಾಂದ್ರೂ ಇಪ್ಪತ್ ಸಾವ್ರ ತಿರ್ಗ ಬತ್ತದೆ."

ತಿಮ್ಮರಾಜು ತಲೆಯೆತ್ತಿ ಪಂಕ್ತಿಯನ್ನು ನೋಡಿದ. ಆ ಇಪ್ಪತ್ತು ಸಾವಿರ ಸಾಲಾಗಿ ಕೂತು ಅನ್ನ ಸಾರು ಕಲಸುತ್ತಿತ್ತು. ಎದುರೆಲೆಯ ಮಂಚಯ್ಯನಿಗೆ ಎಲ್ಲ ಕೇಳಿಸಿತ್ತು.

"ಸಂತೋಸ ಕಣಪ್ಪ ತಿಮ್ಮರಾಜು. ಮಕ್ಳುಮರಿ ಕಟ್ಕಂಡ್ ಊರಿಗ್ ಊರೇ ಬತ್ತೀವಿ. ಬರೀ ಕೈಯಲ್ಲಿ."

ತಿಮ್ಮರಾಜುವಿಗೆ ಅಳು ಬಂತು. ಆದರೂ ಬೆನ್ನು ಬಗ್ಗಿಸಲಿಲ್ಲ.

"ಬನ್ನಿ. ಒಬ್ರೂ ತಪ್ಪುಸ್ಬ್ಯಾಡಿ," ಎಂದು ಎರಡನೇ ಲಾಡನ್ನು ಮುರಿದು ಬಾಯಿಗೆ ಹಾಕಿಕೊಂಡ.