ನಾಸಿಕದಿಂದ ನನ್ನನ್ನು ನಾನೇ ವರ್ಗ ಮಾಡಿಕೊಂಡದ್ದು

ನಿವೃತ್ತಿಯಾದ ಮೇಲೆ ಎಲ್ಲಿ ನೆಲೆಸಬೇಕು ಎಂಬ ವಿಷಯದಲ್ಲಿ ನನ್ನಷ್ಟು ಖಚಿತವಾಗಿದ್ದ ಮನುಷ್ಯ ನಮ್ಮ ಬ್ಯಾಂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಉಳಿದವರು ಧಾರವಾಡವೋ ಬೆಳಗಾವಿಯೋ ಎಂದು ಹೊಯ್ದಾಡುತ್ತಿದ್ದಾಗ ನಾನು ಎದೆ ತಟ್ಟಿ ನಾಸಿಕ ಎನ್ನುತ್ತಿದ್ದೆ. ಬಾಗಲಕೋಟೆ ಕಡೆಯ ಬಿಸಿಲಲ್ಲಿ ಬೆಳೆದವನಿಗೆ, ಬೇಸಿಗೆಯಲ್ಲೂ ಸಂಜೆಯಾದರೆ ತಂಪುಗಾಳಿ ಬೀಸುವ ಊರೊಂದು ಭೂಮಿಯ ಮೇಲಿದೆ ಎಂಬುದೇ ದೊಡ್ಡ ಸುದ್ದಿ. ವೈಜಾಪುರದಲ್ಲಿದ್ದಾಗ ನಾಸಿಕಕ್ಕೆ ವರ್ಗ ಕೇಳಿದೆ, ಔರಂಗಾಬಾದಿಗೆ ಹಾಕಿದರು. (ಈಗದು ಛತ್ರಪತಿ ಸಂಭಾಜಿನಗರ, ನಾನಿದ್ದಾಗ ಔರಂಗಾಬಾದ್.) ಔರಂಗಾಬಾದಿನಿಂದ ಮತ್ತೆ ಕೇಳಿದೆ. ನಿವೃತ್ತಿ ಮಾಡಿದರು.

ಹೀಗಾಗಿ ಎಂಬತ್ತಾರರಲ್ಲಿ, ಯಾರ ಆದೇಶಕ್ಕೂ ಕಾಯದೆ, ಸ್ವಂತ ಜವಾಬ್ದಾರಿಯ ಮೇಲೆ ನಾಸಿಕಕ್ಕೆ ಬಂದೆವು. ಪಂಚವಟಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಲವತ್ತೆರಡು ಮೆಟ್ಟಿಲು ಹತ್ತಿದರೆ ಒಂದು ಗ್ಯಾಲರಿ. ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಎದುರಿಗೆ ಗೋದಾವರಿ, ಘಾಟಿನ ಮೆಟ್ಟಿಲು, ಸ್ನಾನ ಮಾಡುವವರು, ಒದ್ದೆ ಪಂಚೆ ಹಿಂಡುವ ಭಟ್ಟರು. ಕೆಳಗಿನ ಮನೆಯಲ್ಲಿ ಮಾಲಕಿ, ಎಲ್ಲರೂ ಕಾಕೂ ಎಂದು ಕರೆಯುವ ಮರಾಠಿ ಹೆಂಗಸು. ಆಕೆಯ ತವರು ನಿಫಾಡ. ಮಾಘ, ಫಾಲ್ಗುಣ ಬಂತೆಂದರೆ ತವರಿನಿಂದ ಬುಟ್ಟಿಗಟ್ಟಲೆ ದ್ರಾಕ್ಷಿ ಬರುತ್ತಿತ್ತು, ಅದರಲ್ಲಿ ಒಂದು ಬುಟ್ಟಿ ನಲವತ್ತೆರಡೂ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತಿತ್ತು. ಇದಕ್ಕಿಂತ ಹೆಚ್ಚು ಸುಖವನ್ನು ನಾನು ದೇವರಲ್ಲೂ ಕೇಳಿರಲಿಲ್ಲ, ಹೆಡ್ ಆಫೀಸಿನಲ್ಲೂ ಕೇಳಿರಲಿಲ್ಲ.

ಎರಡು ವರ್ಷ ಊರಿನವರಿಗೆಲ್ಲ ಇನ್‌ಲ್ಯಾಂಡ್ ಪತ್ರ ಬರೆದು ಹೊಟ್ಟೆ ಉರಿಸಿದೆ. ಮೂರನೇ ವರ್ಷ ನನಗೆ ರೋಗ ಬಂತು.

ರೋಗದ ಹಿನ್ನೆಲೆ ಹೇಳಬೇಕು. ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ಹನ್ನೊಂದು ಊರು ಕಂಡವನು. ಎಲ್ಲಿಯೂ ಮೂರು ವರ್ಷದ ಮೇಲೆ ಇದ್ದವನಲ್ಲ. ಯುಗಾದಿ ಮುಗಿಯುತ್ತಲೇ ವರ್ಗಾವಣೆಯ ಪಟ್ಟಿ ಬರುವುದು ನಮ್ಮಲ್ಲಿ ಪದ್ಧತಿ. ನನ್ನ ಸಾಮಾನಿನ ಪೆಟ್ಟಿಗೆಗಳಿಗೆ ಒಂದರಿಂದ ಹದಿನಾಲ್ಕರವರೆಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಏಳನೇ ನಂಬರಿನ ಪೆಟ್ಟಿಗೆಯನ್ನು ನಾವು ಎಷ್ಟೋ ಊರುಗಳಲ್ಲಿ ತೆರೆದೇ ಇರಲಿಲ್ಲ; ತೆರೆಯುವಷ್ಟರಲ್ಲಿ ಮುಂದಿನ ಆರ್ಡರ್ ಬರುತ್ತಿತ್ತು.

ಎಂಬತ್ತೊಂಬತ್ತರ ಯುಗಾದಿ ಮುಗಿಯಿತು. ನನಗೆ ನಾಸಿಕ ಬೇಸರವಾಗತೊಡಗಿತು. ನಸುಕಿನಲ್ಲಿ ಅದೇ ಗಂಟೆ, ಹೊಳೆಯಲ್ಲಿ ಅದೇ ನೀರು, ಅದೇ ಭಟ್ಟರು, ಅದೇ ಪಂಚೆ. ತರಕಾರಿಯವನು ದಿನಾ ಒಂದೇ ರಾಗದಲ್ಲಿ ಕೂಗುತ್ತಿದ್ದ. ದ್ರಾಕ್ಷಿ ಕೂಡ ವಿಪರೀತ ಸಿಹಿ ಎನಿಸಿತು. ಗ್ಯಾಲರಿಯಲ್ಲಿ ಕೂತರೆ ಹೆಂಡತಿ ಸುಶೀಲಾ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ ಕರಿಬೇವಿನ ಗಿಡ ಅಡ್ಡ ಬಂದು ಅರ್ಧ ಗೋದಾವರಿ ಕಾಣಿಸುತ್ತಿರಲಿಲ್ಲ.

"ಈ ಊರಾಗ ಏನೂ ಇಲ್ಲ ಬಿಡು," ಎಂದೆ.

"ಏನಿಲ್ಲ?" ಎಂದಳು ಸುಶೀಲಾ, ಕರಿಬೇವಿಗೆ ಮಜ್ಜಿಗೆ ಪಾತ್ರೆ ತೊಳೆದ ನೀರು ಹಾಕುತ್ತ.

"ಏನಿಲ್ಲ ಅಂತ ಹೇಳೂದಕ್ಕೂ ಏನಾರೆ ಇರಬೇಕಲ್ಲ. ಅದೂ ಇಲ್ಲ."

ಅವಳು ನನ್ನ ಮುಖವನ್ನೊಮ್ಮೆ, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿ ಒಳಗೆ ಹೋದಳು. ಆ ನೋಟದ ಅರ್ಥ ತಿಳಿಯುವಷ್ಟು ಬುದ್ಧಿ ನನಗಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ನಾನು ಔರಂಗಾಬಾದಿಗೆ ಹೋಗಿ ಇರುವುದೆಂದು ತೀರ್ಮಾನಿಸಿದೆ. ಹೆಂಡತಿಯನ್ನು ಕೇಳಲಿಲ್ಲ. ನೌಕರಿಯಲ್ಲಿದ್ದಾಗಲೂ ಕೇಳಿದವನಲ್ಲ; ಬ್ಯಾಂಕು ನನ್ನನ್ನು ಕೇಳುತ್ತಿರಲಿಲ್ಲ, ನಾನು ಅವಳನ್ನು ಕೇಳುತ್ತಿರಲಿಲ್ಲ, ಆರ್ಡರ್ ಕೈಗೆ ಬಂದ ಮೇಲೆ ತೋರಿಸಿ ಪೆಟ್ಟಿಗೆ ಇಳಿಸುತ್ತಿದ್ದೆ. ಈಗ ಆರ್ಡರ್ ಕೊಡುವವರು ಯಾರೂ ಇಲ್ಲದ್ದರಿಂದ ಆ ಕೆಲಸವನ್ನೂ ನಾನೇ ಮಾಡಬೇಕಾಯಿತು. ಕೋರ್ಟಿನ ಹತ್ತಿರದ ಟೈಪಿಸ್ಟನಲ್ಲಿಗೆ ಹೋಗಿ, ಶುದ್ಧ ಇಂಗ್ಲಿಷಿನಲ್ಲಿ, ವಿಷಯ, ಉಲ್ಲೇಖ ಸಮೇತ ಒಂದು ಪತ್ರ ಹೊಡೆಸಿದೆ. ಸದರಿ ಮನೆಯಲ್ಲಿ ಮೂರು ವರ್ಷಗಳ ವಾಸ್ತವ್ಯ ಪೂರ್ಣಗೊಂಡಿರುವ ಪ್ರಯುಕ್ತ, ಕೆಳಗೆ ಸಹಿ ಮಾಡಿದವನು ಬರುವ ಮೇ ಒಂದನೇ ತಾರೀಖಿಗೆ ಮನೆಯನ್ನು ತೆರವು ಮಾಡಲಿದ್ದು, ಇದನ್ನು ಅವಗಾಹನೆಗೆ ತಂದುಕೊಳ್ಳತಕ್ಕದ್ದು. ನಾಲ್ಕು ಪ್ರತಿ. ಮೂರು ಕಾಕೂಗೆ, ಒಂದು ನನ್ನ ಆಫೀಸ್ ಕಾಪಿ.

ಕಾಕೂ ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದಳು. ಮೂರೂ ಪ್ರತಿ ಕೈಗಿಟ್ಟು, ನನ್ನ ಬ್ಯಾಂಕಿನ ಮರಾಠಿಯಲ್ಲಿ ಸಾರಾಂಶ ಹೇಳಿದೆ. ಕಣ್ಣೀರು ಬಂದರೆ ಸಮಾಧಾನಕ್ಕೆಂದು ಎರಡು ವಾಕ್ಯ ತಯಾರು ಮಾಡಿಕೊಂಡಿದ್ದೆ.

"ಬರಂ," ಎಂದಳು ಕಾಕೂ, ಆಗಲಿ ಎನ್ನುವಂತೆ. ಆಮೇಲೆ ಕಾಗದ ನೆರಳಿಗಿಟ್ಟು, "ಚಹಾ ಘ್ಯಾ," ಎಂದಳು.

ಅಷ್ಟೆ. ಮೂರು ವರ್ಷದ ಬಾಡಿಗೆದಾರನಿಗೆ ಒಂದು ಕಪ್ ಚಹಾ. ಕುಡಿದು ಬಂದೆ. ಬಾಡಿಗೆಗೆ ಕಾಯುವವರ ಸಾಲು ಆಕೆಯ ಹತ್ತಿರ ಯಾವಾಗಲೂ ಇರುತ್ತಿತ್ತು, ನನಗೆ ಗೊತ್ತಿತ್ತು. ಅವರಲ್ಲೊಬ್ಬ ವೈಜಾಪುರದ ನಿವೃತ್ತ ಪೋಸ್ಟ್‌ಮಾಸ್ತರ, ನಮ್ಮ ಗದಗಿನ ಕಡೆಯವನೇ, ಹೊಸಮನಿ ಎಂದು. ಆ ಪುಣ್ಯಾತ್ಮನಿಗೆ ನನ್ನಿಂದ ಉಪಕಾರವಾಗಲಿ ಎಂದು ಉದಾರವಾಗಿ ಅಂದುಕೊಂಡೆ.

ಮರುದಿನ ಪೆನ್ಷನ್ ಕೆಲಸವೆಂದು ಸುಶೀಲಾಗೆ ಸುಳ್ಳು ಹೇಳಿ ಕೆಂಪು ಬಸ್ಸು ಹತ್ತಿ ಔರಂಗಾಬಾದಿಗೆ ಹೋದೆ. ಹಳೆಯ ಸಹೋದ್ಯೋಗಿ ನಾಡಗೌಡನ ಮನೆಯಲ್ಲಿ ಇಳಿದೆ. ನಾನು ಆ ಊರನ್ನು ಬಿಟ್ಟು ಮೂರೇ ವರ್ಷವಾಗಿತ್ತು, ಆದರೆ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಬಿಸಿಲು ಹೇಗಿರುತ್ತದೆ ಎಂಬುದನ್ನು ಪೂರ್ತಿ ಮರೆತಿದ್ದೆ. ಮಧ್ಯಾಹ್ನ ಮನೆ ಹುಡುಕಲು ಹೊರಟವನು ಎರಡು ಓಣಿ ದಾಟುವಷ್ಟರಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ವಾಪಸು ಬಂದೆ. ನಾಡಗೌಡ ಬಕೆಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ನಲ್ಲಿಯ ಮುಂದೆ ಕೂತಿದ್ದ. ನೀರು ಬರುವ ದಿನವಂತೆ.

"ನಮ್ಮ ನಾಸಿಕದಾಗ ಹಿಂಗಿಲ್ಲ ನೋಡು," ಎಂದೆ. ಬಾಯಿ ತಾನಾಗಿಯೇ ಹೇಳಿತು.

ಆಮೇಲೆ ತಡೆಯಲಾಗಲಿಲ್ಲ. ಚಹಾ ಕುಡಿಯುವಾಗ ನಾಸಿಕದ ಹಾಲು, ಊಟಕ್ಕೆ ಕೂತಾಗ ನಾಸಿಕದ ತರಕಾರಿ, ಅಂಗಳಕ್ಕೆ ಬಂದಾಗ ನಾಸಿಕದ ಗಾಳಿ. ನಸುಕಿನಲ್ಲಿ ಗಂಟೆ ಬಾರಿಸಿದಾಗ ಘಾಟಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿ, ಹೊಳೆಯ ಮೇಲೆ ಒಂದು ಸುತ್ತು ಹೊಡೆದು, ಮತ್ತೆ ಅದೇ ಗೋಪುರದ ಮೇಲೆ ಕೂರುವುದನ್ನು ನಾನೇ ತರಬೇತಿ ಕೊಟ್ಟವನ ಹಾಗೆ ವರ್ಣಿಸಿದೆ. ಎರಡನೆಯ ದಿನ ನಾಡಗೌಡನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

"ಇಷ್ಟು ಛಲೋ ಊರು ಬಿಟ್ಟು ಇಲ್ಲಿಗ್ಯಾಕ ಬರಾಕ ಹತ್ತೀರಿ, ಅಣ್ಣಾರ?"

"ಮೂರು ವರ್ಷ ಆತಲ್ರಿ," ಎಂದೆ.

ನಾಡಗೌಡ ನಕ್ಕುಬಿಟ್ಟ. "ರಿಟೈರಾದಾಂವನ್ನ ಯಾರು ವರ್ಗಾ ಮಾಡತಾರಲೇ? ಇನ್ನ ನಿನಗ ಒಂದ ಆರ್ಡರ್ ಬಾಕಿ. ಅದನ್ನ ಮ್ಯಾಲಿನಾಂವ ಕೊಡಾಂವ."

ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟೆ. ಇಷ್ಟು ಸರಳ ವಿಷಯ ಮೂರು ವರ್ಷದಿಂದ ನನ್ನ ತಲೆಗೆ ಹೊಳೆದಿರಲಿಲ್ಲ. ನನಗೆ ಊರು ಬೇಸರವಾಗಿರಲಿಲ್ಲ. ನಾನು ಬರದೇ ಇರುವ ಒಂದು ಲಕೋಟೆಗಾಗಿ ಕಾಯುತ್ತಿದ್ದೆ. ಕಾಯ್ದು ಸಾಕಾಗಿ, ಇದ್ದ ಮನೆಯನ್ನೇ ಕೈಯಾರೆ ಬಿಟ್ಟುಕೊಟ್ಟು ಬಂದಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ವೈಜಾಪುರದವರೆಗೆ ಬೆವರು ಒರೆಸಿಕೊಂಡೆ. ನಿಫಾಡದ ದ್ರಾಕ್ಷಿ ತೋಟಗಳು ಬಂದಾಗ ಕಿಟಕಿಯಿಂದ ಗಾಳಿ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು. ಕಾಕೂನ ಕಾಲು ಹಿಡಿದಾದರೂ ಆ ಪತ್ರ ವಾಪಸು ಪಡೆಯಬೇಕೆಂದು ನಿರ್ಧರಿಸಿದೆ. ಪಂಚವಟಿಯಲ್ಲಿ ರಿಕ್ಷಾ ಇಳಿದು ನಲವತ್ತೆರಡು ಮೆಟ್ಟಿಲನ್ನು ಅರವತ್ತೊಂದು ವರ್ಷದ ಕಾಲುಗಳಿಂದ ಓಡಿ ಹತ್ತಿದೆ.

ನನ್ನ ಗ್ಯಾಲರಿಯಲ್ಲಿ, ನನ್ನ ಕುರ್ಚಿಯ ಮೇಲೆ ಹತ್ತಿ ನಿಂತು, ಹೊಸಮನಿ ಟೇಪು ಹಿಡಿದು ಛಾವಣಿಯ ಕೊಂಡಿಗಳ ಅಳತೆ ತೆಗೆದುಕೊಳ್ಳುತ್ತಿದ್ದ.

"ಬರ್ರಿ ಬರ್ರಿ," ಎಂದು ನನ್ನ ಮನೆಗೆ ನನ್ನನ್ನೇ ಸ್ವಾಗತಿಸಿದ. "ತೂಗುಮಣಿ ಹಾಕಬೇಕಂತ ಮಾಡೇನಿ. ನಮ್ಮಾಕಿಗೆ ತೂಗುಮಣಿ ಇಲ್ದ ಮಧ್ಯಾನ ಕಣ್ಣು ಹತ್ತೂದಿಲ್ಲ."

ಸುಶೀಲಾ ಅಡುಗೆಮನೆಯಲ್ಲಿ ಏನೋ ಹುರಿಯುತ್ತಿದ್ದಳು. ಅವಳಿಗೆ ಕೇಳಿಸದಂತೆ, ಈ ಮನುಷ್ಯನನ್ನು ಉಪಾಯದಿಂದ ಓಡಿಸಬೇಕೆಂದುಕೊಂಡೆ.

"ಹೊಸಮನಿಯವರ, ನಿಮಗ ಹೇಳಬೇಕಂದ್ರ, ಇಲ್ಲಿ ನಸುಕಿನ್ಯಾಗ ನಾಕಕ್ಕ ಗಂಟಿ ಬಾರಸ್ತಾರ. ನಿದ್ದಿ ಅನ್ನೂದು ಮರತಬಿಡ್ರಿ."

"ನಾ ಏಳೂದು ಮೂರೂವರಿಗೆರಿ. ಊರೇ ನನಗಿಂತ ತಡಾ ಏಳ್ತದಂದಂಗಾತು."

"ಮಂದಿ ಭಾಳ. ಸಂದಿಯೊಳಗ ರಿಕ್ಷಾ ಸೈತ ತೂರೂದಿಲ್ಲ."

"ಮೂವತ್ತು ವರ್ಷ ಕೌಂಟರಿನ್ಯಾಗ ಕುಂತಾಂವ ನಾ. ಎದುರಿಗೆ ಮಂದಿ ಇಲ್ಲಂದ್ರ ಉಂಡದ್ದು ಮೈಗೆ ಹತ್ತೂದಿಲ್ಲ."

"ಮೆಟ್ಟಲಾ ನಲವತ್ತೆರಡು ಅದಾವ."

"ಮೆಟ್ಟಲದ ಚಿಂತಿ ನನಗೇನೂ ಇಲ್ರಿ," ಎಂದ, ಟೇಪು ಸುತ್ತುತ್ತ. ಎಂಥ ಗಟ್ಟಿ ಮೊಳಕಾಲು ಎಂದು ಹೊಟ್ಟೆಕಿಚ್ಚಾಯಿತು.

ಕೊನೆಯ ಅಸ್ತ್ರ ತೆಗೆದೆ. "ಮಳಿಗಾಲದಾಗ ಹೊಳಿ ಉಕ್ಕಿ ಬರ್ತದ. ಘಾಟಿನ ಸಣ್ಣ ಗುಡಿಗಳು ಮುಳಗತಾವ."

"ಹೌದೇನ್ರಿ? ಇಲ್ಲಿಂದ ಕಾಣಸ್ತದೇನು?"

"ಕಾಣಸ್ತದೇನು ಅಂತ ಕೇಳ್ತೀರಲ್ಲ!" ಎಂದವನೇ ನಾನು ಉದ್ದೇಶ ಮರೆತೆ. "ಬರ್ರಿಲ್ಲೆ, ಇಲ್ಲಿ ನಿಂದರ್ರಿ. ಕೆಂಪು ನೀರು ಆ ಮೆಟ್ಟಲಾ ನುಂಗಿ, ಆ ದೀಪದ ಕಂಬ ನುಂಗಿ, ಮ್ಯಾಲ ಬರ್ತದ. ಊರ ಮಂದಿಯೆಲ್ಲ ಕೊಡಿ ಹಿಡಕೊಂಡು ನೋಡಾಕ ಬಂದು ನಿಂದರ್ತಾರ. ನಾ ಮಾತ್ರ ಈ ಕುರ್ಚ್ಯಾಗ ಕುಂತು, ಚಹಾ ಕುಡಕೋತ ನೋಡತೇನಿ. ಇಂಥಾ ಗ್ಯಾಲರಿ ಇಡೀ ನಾಸಿಕದಾಗ ಇನ್ನೊಂದಿಲ್ರಿ."

ಹೇಳಿ ಮುಗಿಸಿದಾಗ ಹೊಸಮನಿಯ ಕಣ್ಣುಗಳು ಮಿಂಚುತ್ತಿದ್ದವು. ಮೂವತ್ತೆರಡು ವರ್ಷ ಗಿರಾಕಿಗಳನ್ನು ಒಲಿಸಿದ ಚಟ, ಓಡಿಸಲು ಬಂದವನನ್ನೂ ಒಲಿಸಿ ಕೂರಿಸಿತ್ತು. ನನ್ನ ಧೈರ್ಯ ಕುಸಿಯಿತು. ಎರಡೂ ಕೈ ಜೋಡಿಸಿದೆ.

"ಹೊಸಮನಿಯವರ, ತಪ್ಪಾತು. ಈ ಮನಿ ನಾ ಬಿಡಲಾರೆ. ಬುದ್ಧಿಗೇಡಿತನ ಮಾಡಿ ನೋಟೀಸು ಕೊಟ್ಟೀನಿ. ನೀವು ಬ್ಯಾರೆ ಕಡೆ ನೋಡ್ರಿ. ನಿಮಗ ಮನಿ ನಾ ಹುಡುಕಿ ಕೊಡತೇನಿ. ಸಾಮಾನೂ ನಾನ ಹೊತ್ತು ಹಾಕತೇನಿ."

ಅವನು ಕುರ್ಚಿಯಿಂದ ಇಳಿದು ಗಾಬರಿಯಿಂದ ನನ್ನನ್ನೇ ನೋಡಿದ. "ನಿಮ್ಮನ್ನ ಬಿಡ್ರಿ ಅಂದವರ‍್ಯಾರು? ನಾ ಹಿಡದದ್ದು ಕೆಳಗಿನ ಹಿಂದಿನ ಖೋಲಿರಿ. ಕೊಂಡಿ ಹೆಂಗ ಹಾಕ್ಯಾರ ನೋಡಿ ಹೋಗ್ರಿ ಅಂತ ವೈನಿಯವರ ಕರದ್ರು," ಎಂದು ಅಡುಗೆಮನೆಯ ಕಡೆ ಕೈ ತೋರಿಸಿದ.

ನನ್ನ ಜೋಡಿಸಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಸುಶೀಲಾ ಬಾಗಿಲಿಗೆ ಬಂದು ನಿಂತಿದ್ದಳು.

"ಪೆನ್ಷನ್ ಕೆಲಸ ಆತೇನ್ರಿ?" ಎಂದಳು.

ನಾನು ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ.

"ನೀವು ಕಾಗದ ಕೊಟ್ಟ ದಿನಾನ ಕಾಕೂ ನನಗ ತೋರ್ಸಿದ್ರು. ಇದು ಮೂರನೇ ವರ್ಷದ ಜ್ವರ, ಬರ್ತದ, ಹೋಗ್ತದ, ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಂತ ಹೇಳಿಬಂದೆ."

"ಹಂಗಾರ ನನ್ನ ಕಾಗದ?"

"ಒಂದು ಉಪ್ಪಿನಕಾಯಿ ಭರಣಿ ಬಾಯಿಗೆ ಕಟ್ಯಾರ. ಇನ್ನೆರಡು ಶ್ಯಾವಿಗಿ ಬುಡಕ ಹಾಸ್ಯಾರ. ದಪ್ಪ ಕಾಗದ, ಛಲೋ ಅದ ಅಂದ್ರು."

ಹೊಸಮನಿ ಸಜ್ಜನ. ಹೊಳೆ ನೋಡುವವನಂತೆ ಆ ಕಡೆ ತಿರುಗಿ ನಿಂತ. ನಗುತ್ತಿದ್ದನೆಂದು ಅವನ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

"ನಿನ್ನ ಒಂದು ಮಾತು ಕೇಳಬೇಕಿತ್ತು ನೋಡು ನಾ," ಎಂದೆ ಮೆಲ್ಲಗೆ. ಮದುವೆಯಾದಾಗಿನಿಂದ ನಾನು ಆಡಿದ ಮೊದಲ ಸರಿಯಾದ ಮಾತು ಅದಿರಬೇಕು.

ಅವಳು ಸಿಟ್ಟಾಗಲಿಲ್ಲ. ಆದರೆ ಗ್ಯಾಲರಿಗೆ ಬಂದು ಆ ಕರಿಬೇವಿನ ಗಿಡದ ಪಕ್ಕ ನಿಂತಳು. ಗಿಡ ಅವಳ ಹೆಗಲಿಗಿಂತ ಎತ್ತರವಾಗಿತ್ತು. ಅಡ್ಡ ಬರುತ್ತದೆಂದು ಬೈಯುವಾಗ ನಾನು ಅದನ್ನು ಗಮನಿಸಿರಲಿಲ್ಲ.

"ಹನ್ನೊಂದು ಊರಾಗ ಕರಿಬೇವು ಹಚ್ಚೀನ್ರಿ," ಎಂದಳು. "ಒಂದೂರಾಗೂ ಒಗ್ಗರಣಿಗೆ ಹರಿಯೂವಷ್ಟು ಬೆಳದಿರಲಿಲ್ಲ. ಇನ್ನೇನು ಚಿಗತು ಅನ್ನೂದ್ರಾಗ ನಿಮ್ಮ ಆರ್ಡರ್ ಬರ್ತಿತ್ತು. ಬಾಜೂ ಮನಿಯವರಿಗೆ ಕೊಟ್ಟು ಬರ್ತಿದ್ದೆ. ನನಗ ಈ ಊರು ಬ್ಯಾಸರಾಗಿಲ್ಲ. ನಿಮಗ ವರ್ಗಾ ಆಗಿದ್ರ ಹೋಗಿ ಹಾಜರಾಗ್ರಿ. ಮುಟ್ಟಿದ್ದಕ್ಕ ಒಂದು ಕಾಗದ ಹಾಕ್ರಿ. ನಾ ಬರೂದಿಲ್ಲ."

ಹನ್ನೊಂದು ಊರುಗಳಲ್ಲಿ ನಾನು ಪೆಟ್ಟಿಗೆ ಎಣಿಸಿದ್ದೆ, ರಸೀದಿ ಪಡೆದಿದ್ದೆ, ಹಗ್ಗ ಬಿಗಿಸಿದ್ದೆ. ಡಬ್ಬಿಯಲ್ಲಿ ಒಂದು ಗಿಡ ಪ್ರತಿಸಲ ಹಿಂದೆ ಉಳಿಯುತ್ತಿದ್ದುದು ಯಾವ ಯಾದಿಯಲ್ಲೂ ಇರಲಿಲ್ಲ. ನನಗೆ ನಿಜವಾಗಿ ಕೆಟ್ಟದೆನಿಸಿತು. ಹಾಗೆಂದು ಹೇಳಿದೆ ಕೂಡ, ಹೊಸಮನಿಯ ಎದುರಿಗೇ.

"ಹಂಗಾರ ಸದರಿ ವರ್ಗಾವಣೆ ರದ್ದು," ಎಂದೆ.

"ಅದನ್ನ ನಾ ಮಂಜೂರು ಮಾಡಬೇಕು," ಎಂದಳು. "ಮದಲ ಆ ಏಳನೇ ನಂಬರಿನ ಪೆಟಿಗಿ ಬಿಚ್ರಿ. ಅದರಾಗ ಏನೈತಿ ಅನ್ನೂದ ಮರತ ಹೋಗೇದ."

ಬಿಚ್ಚಿದೆ. ಹೊಸಮನಿಯೂ ಸಹಾಯಕ್ಕೆ ಬಂದ. ಅದರಲ್ಲಿ ಹದಿನೆಂಟು ವರ್ಷದಿಂದ ನಾನು ಜೋಪಾನವಾಗಿ ಊರೂರು ಹೊತ್ತು ತಿರುಗಿದ್ದು, ಉಳಿದ ಹದಿಮೂರು ಪೆಟ್ಟಿಗೆ ಕಟ್ಟಲು ಬೇಕಾಗುವ ಹಗ್ಗ ಮತ್ತು ಗೋಣಿತಟ್ಟು.

ಹೊಸಮನಿ ಅರ್ಧ ಹಗ್ಗವನ್ನು ತೂಗುಮಣೆಗೆಂದು ಕೇಳಿ ಒಯ್ದ. ಉಳಿದರ್ಧದಲ್ಲಿ ಸುಶೀಲಾ ಗಾಳಿಗೆ ಬಾಗುತ್ತಿದ್ದ ಕರಿಬೇವನ್ನು ಗ್ಯಾಲರಿಯ ಕಂಬಿಗೆ ಕಟ್ಟಿದಳು. ನಾನು ನನ್ನ ಕುರ್ಚಿಯನ್ನು ಗಿಡದಿಂದ ಎರಡು ಗೇಣು ಆ ಕಡೆ ಸರಿಸಿ ಕೂತೆ. ಪೂರ್ತಿ ಗೋದಾವರಿ ಕಾಣಿಸಿತು. ಮೂರು ವಾರದ ಬೇಸರಕ್ಕೆ ಬೇಕಾಗಿದ್ದ ಔಷಧಿ ಎರಡು ಗೇಣು.

ಆಗ ಅವಳು ಕೆಳಗೆ ಒಂದು ಕಾಗದ ಹಾಕಿ ಹಚ್ಚಿದ ಅವಲಕ್ಕಿ ತಂದುಕೊಟ್ಟಳು. ತಿನ್ನುತ್ತ ಹೋದಂತೆ ಎಣ್ಣೆ ಕುಡಿದ ಕಾಗದದಲ್ಲಿ ಪರಿಚಯದ ಇಂಗ್ಲಿಷು ಕಾಣತೊಡಗಿತು. ವಿಷಯ, ಉಲ್ಲೇಖ, ತಳದಲ್ಲಿ ನನ್ನದೇ ಸಹಿ. ಆಫೀಸ್ ಕಾಪಿ. ಅವಲಕ್ಕಿಯಲ್ಲಿ ಕರಿಬೇವು ಧಾರಾಳವಾಗಿತ್ತು.